ಮೂರನೆಯವನಿಲ್ಲದ ಪಾಲುದಾರಿಕೆ

ವಿಶ್ವವಿದ್ಯಾಲಯವೊಂದು ಪ್ರಗತಿ ಸಾಧಿಸಿದೆ ಎನ್ನಲು ಈಗ ಎಲ್ಲೆಡೆ ಒಂದೇ ಪಾಠ ಒಪ್ಪಿಸುವ ರೂಢಿ ಬಂದಿದೆ. ಘಟಿಕೋತ್ಸವದ ಭಾಷಣವಿರಲಿ, ವಾರ್ಷಿಕ ವರದಿಯಿರಲಿ, ಪತ್ರಿಕೆಯ ಪುರವಣಿಯಿರಲಿ, ಬೋಧನೆ, ಸಮಾಜಸೇವೆ, ಉದ್ಯಮಗಳ ಜೊತೆ ಪಾಲುದಾರಿಕೆ ಎಂಬ ಮೂರು ತಲೆಬರಹಗಳು. ಒಂದೊಂದರ ಕೆಳಗೂ ಅಂಕಿಗಳು. ಇಷ್ಟು ಸ್ಮಾರ್ಟ್ ತರಗತಿ, ಇಷ್ಟು ಹಳ್ಳಿಗಳ ದತ್ತು, ಇಷ್ಟು ಕಂಪನಿಗಳೊಡನೆ ಒಡಂಬಡಿಕೆ. ಹೋದ ವರ್ಷಕ್ಕಿಂತ ಅಂಕಿ ದೊಡ್ಡದಾಗಿದ್ದರೆ ಅದೇ ಪ್ರಗತಿ. ಕುಲಪತಿಗಳಷ್ಟೇ ಹೀಗೆ ನಂಬಿದ್ದರೆ ತಕರಾರು ತೆಗೆಯುವ ಅಗತ್ಯವಿರಲಿಲ್ಲ. ಸರ್ಕಾರ, ಪಾಲಕರು, ಪತ್ರಕರ್ತರು ಎಲ್ಲರೂ ಈ ಲೆಕ್ಕವನ್ನೇ ಒಪ್ಪಿಕೊಂಡಿದ್ದಾರೆ. ಮೂರರಲ್ಲೂ ಕೊನೆಯದಕ್ಕೆ ಈಗ ಹೆಚ್ಚು ಮಾನ. 2024ರಲ್ಲಿ ತೆಲಂಗಾಣ ಯಂಗ್ ಇಂಡಿಯಾ ಕೌಶಲ ವಿಶ್ವವಿದ್ಯಾಲಯಕ್ಕೆ ಕಾನೂನು ಮಾಡಿ, ಅದರ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಉದ್ಯಮಿ ಆನಂದ್ ಮಹೀಂದ್ರಾ ಅವರನ್ನು ಕೂರಿಸಿದಾಗ ಎಲ್ಲ ಕಡೆಯಿಂದ ಚಪ್ಪಾಳೆಯೇ ಕೇಳಿಬಂತು. ಉದ್ಯಮ ಹತ್ತಿರ ಬಂದಷ್ಟೂ ವಿದ್ಯೆ ಮೇಲೇರುತ್ತದೆ ಎಂಬ ಈ ತಿಳಿವಳಿಕೆ ಕೃಷ್ಣೆಯ ಜೂರಾಲ ಅಣೆಕಟ್ಟಿನ ಸುತ್ತಲ ಸೀಮೆಗೆ, ಅಂದರೆ ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ಗಳಿಗೆ, ಹೊಂದುವುದಿಲ್ಲ ಎಂಬುದು ನನ್ನ ವಾದ. ಹೊಂದದಿರುವುದು ಮಾತ್ರವಲ್ಲ, ಅಲ್ಲಿನ ಜನರಿಗೆ ಅದರಿಂದ ನಷ್ಟವೇ ಇದೆ. ಉದ್ಯಮ ಆಗಲೇ ಬೇರುಬಿಟ್ಟು ಬಲಿತಿರುವ, ಅದರೊಡನೆ ವ್ಯವಹರಿಸುವ ಜನ ಕೈಸೋತವರಾಗಿರುವ ಕಡೆ, ವಿಶ್ವವಿದ್ಯಾಲಯ ಉದ್ಯಮದ ಪಾಲುದಾರನಾಗುವುದಕ್ಕಿಂತ ಮೊದಲು ಇಬ್ಬರ ನಡುವೆ ನಿಂತು ಪರೀಕ್ಷಿಸಿ ಹೇಳಬಲ್ಲ ಮೂರನೆಯವನಾಗಬೇಕು. ಈ ಕೆಲಸವನ್ನು ಅಳೆಯುವ ಕೋಲು ಈಗಿನ ಯಾವ ಮೌಲ್ಯಮಾಪನದಲ್ಲೂ ಇಲ್ಲ.

ಈ ಸೀಮೆಯ ವಿಶ್ವವಿದ್ಯಾಲಯವೆಂದರೆ ಮಹಬೂಬ್‌ನಗರದ ಪಾಲಮೂರು ವಿಶ್ವವಿದ್ಯಾಲಯ. ಹುಟ್ಟಿದ್ದು 2008ರಲ್ಲಿ, ಗದ್ವಾಲ್‌ನಲ್ಲಿ ಅದರ ಸ್ನಾತಕೋತ್ತರ ಕೇಂದ್ರವಿದೆ. ಅದೇ ವರ್ಷ ನದಿಯ ಆಚೆ ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿತು. ಗುಲ್ಬರ್ಗ ವಿಶ್ವವಿದ್ಯಾಲಯದಿಂದ ಬೇರ್ಪಟ್ಟ ಇನ್ನೊಂದು ವಿಶ್ವವಿದ್ಯಾಲಯವೂ ಈಗ ರಾಯಚೂರಿನಲ್ಲಿದೆ. ನಕ್ಷೆಯಲ್ಲಿ ಇವೆಲ್ಲ ಬೇರೆ ಬೇರೆ ರಾಜ್ಯಗಳ ಸಂಸ್ಥೆಗಳು. ನೆಲದ ಮೇಲೆ ಒಂದೇ ಸೀಮೆಯ ನೆರೆಹೊರೆ. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು; ಕೊಡಂಗಲ್, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿದ್ದವು. ಗದ್ವಾಲ್ 2016ರಲ್ಲಿ, ನಾರಾಯಣಪೇಟೆ 2019ರಲ್ಲಿ ಜಿಲ್ಲೆಗಳಾದವು. ಭೀಮೆ ಕೃಷ್ಣೆಯನ್ನು ಕೂಡುವ ತಂಗಡಿ ಇರುವ ಕೃಷ್ಣಾ ಮಂಡಲದಲ್ಲಿ ಇಂದಿಗೂ ಮನೆಮಾತು ಕನ್ನಡವಾಗಿರುವ ಊರುಗಳಿವೆ, ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಇಷ್ಟು ಹೇಳದಿದ್ದರೆ ಮುಂದಿನ ಮಾತು ಅರ್ಥವಾಗದು.

ಉದ್ಯಮದ ಪಾಲುದಾರಿಕೆ ಎಂದೊಡನೆ ಮನಸ್ಸಿಗೆ ಬರುವುದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ, ಕ್ಯಾಂಪಸ್ ಸಂದರ್ಶನ. ಗದ್ವಾಲ್ ಸೀಮೆಯ ನಿಜವಾದ ಉದ್ಯಮ ಹೊಲದಲ್ಲಿದೆ. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ನಡಿಗಡ್ಡ ಪ್ರದೇಶ ದೇಶದಲ್ಲೇ ಹೈಬ್ರಿಡ್ ಹತ್ತಿಯ ಬಿತ್ತನೆ ಬೀಜ ತಯಾರಾಗುವ ಮುಖ್ಯ ಕೇಂದ್ರಗಳಲ್ಲೊಂದು. ಇಲ್ಲಿ ರೈತ ಬೆಳೆಯುವುದು ಅರಳೆಗಾಗಿ ಅಲ್ಲ, ಬೀಜಕ್ಕಾಗಿ. ಕಂಪನಿ ಗಂಡು ತಳಿ, ಹೆಣ್ಣು ತಳಿ ಎರಡರ ಮೂಲ ಬೀಜವನ್ನೂ ಆರ್ಗನೈಸರ್ ಎಂಬ ಮಧ್ಯವರ್ತಿಯ ಮೂಲಕ ಕೊಡುತ್ತದೆ. ಸಾಮಾನ್ಯವಾಗಿ ಮುಂಗಡ ಸಾಲ ಕೊಡುವವನೂ ಅವನೇ. ಸಂಜೆ ಹೆಣ್ಣು ತಳಿಯ ಮೊಗ್ಗು ಬಿಡಿಸಿ ಕೇಸರಗಳನ್ನು ಕಿತ್ತುಹಾಕಬೇಕು, ಮರುದಿನ ಬೆಳಿಗ್ಗೆ ಗಂಡು ತಳಿಯ ಹೂ ತಂದು ಪರಾಗ ಸೋಕಿಸಬೇಕು. ಒಂದೊಂದು ಹೂವಿಗೂ ಕೈಕೆಲಸ, ವಾರಗಟ್ಟಲೆ. ಇದಕ್ಕೆ ಬೇಕಾದ ಅಗ್ಗದ ಕೈಗಳಿಗಾಗಿ ಶಾಲೆ ಬಿಡಿಸಿದ ಹುಡುಗಿಯರನ್ನು ಹೊಲಕ್ಕಿಳಿಸಿದ ಚರಿತ್ರೆಯೂ ಈ ಉದ್ಯಮಕ್ಕಿದೆ. ಅದರ ಮೇಲೆ ವರ್ಷಗಳ ಕಾಲ ಅಧ್ಯಯನಗಳಾಗಿವೆ, ಚಳವಳಿಗಳು ನಡೆದಿವೆ. ಕೊಯ್ಲಾಗಿ ಬೀಜ ಬೇರ್ಪಟ್ಟ ಮೇಲೆ ಅಸಲು ಪ್ರಶ್ನೆ ಏಳುತ್ತದೆ. ಬೀಜ ಎಷ್ಟು ಮೊಳೆಯುತ್ತದೆ, ತಳಿ ಎಷ್ಟು ಶುದ್ಧ ಎಂಬುದನ್ನು ಕಂಪನಿಯೇ ತೀರ್ಮಾನಿಸುತ್ತದೆ. ತಳಿ ಶುದ್ಧಿಗಾಗಿ ಮಾದರಿಯನ್ನು ಬಿತ್ತಿ ಬೆಳೆಸಿ ನೋಡುವ ಪರೀಕ್ಷೆಗೆ ತಿಂಗಳುಗಳು ಹಿಡಿಯುತ್ತವೆ, ಅಲ್ಲಿಯತನಕ ಹಣ ಪೂರ್ತಿ ಚುಕ್ತಾ ಆಗುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತದೆ. ‘ಫೇಲ್’ ಎಂದರೆ ಹೊರೆ ರೈತನದು. ಕೊಳ್ಳುವವನೇ ತಕ್ಕಡಿ ಹಿಡಿದು ತಾನೇ ತೀರ್ಪು ಕೊಡುವ ವ್ಯಾಪಾರ ಇದು. 2025ರಲ್ಲಿ ಗದ್ವಾಲ್‌ನ ಬೀಜ ರೈತರು ಬೀದಿಗಿಳಿದದ್ದು ಈ ಅಸಮಾನತೆಯ ಮೇಲೆ ಮಡುಗಟ್ಟಿದ್ದ ಸಿಟ್ಟಿನಿಂದ.

ಇಂಥಲ್ಲಿ ವಿಶ್ವವಿದ್ಯಾಲಯವೊಂದು ಬೀಜ ಕಂಪನಿಯೊಡನೆ ಒಡಂಬಡಿಕೆಗೆ ಸಹಿ ಹಾಕಿತು ಎಂದಿಟ್ಟುಕೊಳ್ಳಿ. ವರದಿಯಲ್ಲಿ ಒಂದು ಅಂಕಿ ಏರುತ್ತದೆ, ಹತ್ತಾರು ವಿದ್ಯಾರ್ಥಿಗಳಿಗೆ ತರಬೇತಿ, ಕೆಲವರಿಗೆ ಕೆಲಸ, ಒಂದು ಪ್ರಯೋಗಾಲಯಕ್ಕೆ ಕಂಪನಿಯ ಹೆಸರು. ಇದರಲ್ಲಿ ಅಕ್ರಮವೇನಿಲ್ಲ. ಆದರೆ ಮರುದಿನ ಮಲ್ದಕಲ್ ಕಡೆಯ ರೈತ ತನ್ನ ಬೀಜದ ಮಾದರಿ ಹಿಡಿದು ಬಂದು ‘ಇದು ನಿಜಕ್ಕೂ ಫೇಲೇ, ನೀವಾದರೂ ನೋಡಿ ಹೇಳಿ’ ಎಂದರೆ ಆ ವಿಶ್ವವಿದ್ಯಾಲಯ ಯಾವ ಬಾಯಿಂದ ಹೇಳೀತು? ಹೇಳಿದರೂ ಯಾರು ನಂಬಿಯಾರು? ಒಡಂಬಡಿಕೆಯಲ್ಲಿ ಸಿಕ್ಕಿದ್ದು ಒಂದು ಪ್ರಯೋಗಾಲಯ. ಹೋದದ್ದು ಪ್ರಯೋಗಾಲಯದ ಮಾತಿಗಿದ್ದ ಬೆಲೆ. ಸಿಕ್ಕಿದ್ದನ್ನು ಬರೆದುಕೊಳ್ಳುವ ವರದಿಗಳಲ್ಲಿ ಹೋದದ್ದಕ್ಕೆ ಅಂಕಣವಿಲ್ಲ.

ಅಂಕಣಗಳನ್ನು ನಿಜಕ್ಕೂ ಒಮ್ಮೆ ನೋಡುವುದು ಒಳ್ಳೆಯದು, ಏಕೆಂದರೆ ಹೆಚ್ಚಿನವರು ರ‍್ಯಾಂಕನ್ನು ಓದುತ್ತಾರೆಯೇ ಹೊರತು ಅದನ್ನು ಕಟ್ಟಿದ ಬಗೆಯನ್ನು ಓದುವುದಿಲ್ಲ. ಕೇಂದ್ರ ಸರ್ಕಾರ 2016ರಿಂದ ಪ್ರಕಟಿಸುತ್ತಿರುವ ಎನ್‌ಐಆರ್‌ಎಫ್ ಎಂಬ ರ‍್ಯಾಂಕ್ ಪಟ್ಟಿಯಲ್ಲಿ ಸಮಾಜದ ಕಡೆ ಕೈಚಾಚುವುದಕ್ಕೆ ಮತ್ತು ಎಲ್ಲರನ್ನೂ ಒಳಗೊಳ್ಳುವುದಕ್ಕೆಂದು ನೂರಕ್ಕೆ 10 ಅಂಕ ಇಟ್ಟಿದ್ದಾರೆ. ಕೈಚಾಚುವುದನ್ನು ಅಳೆಯುವ ಬಗೆ ಹೇಗೆ ಗೊತ್ತೆ? ಹೊರರಾಜ್ಯ, ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳೆಷ್ಟು, ಮಹಿಳೆಯರೆಷ್ಟು, ಆರ್ಥಿಕವಾಗಿ ಸಾಮಾಜಿಕವಾಗಿ ಹಿಂದುಳಿದವರೆಷ್ಟು, ಅಂಗವಿಕಲರಿಗೆ ಸೌಲಭ್ಯವೆಷ್ಟು ಎಂಬುದರಿಂದ. ಕೊನೆಯ ಮೂರು ಬೇಕಾದವೇ. ಆದರೆ ಸುತ್ತಲ ಹಳ್ಳಿಗೆ ಏನಾಯಿತು ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ಕೃಷ್ಣಾ ಮಂಡಲದ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿ ತನ್ನ ಸೀಮೆಯಲ್ಲಿ ತನ್ನ ಭಾಷೆಯಲ್ಲಿ ಮುಂದೆ ಓದಲು ದಾರಿ ಕಾಣದೆ ಸೇತುವೆ ದಾಟಿ ರಾಯಚೂರು ಸೇರಿ, ಮುಂದೆ ಅಲ್ಲೇ ವಿಶ್ವವಿದ್ಯಾಲಯದ ಮೆಟ್ಟಿಲೇರಿದರೆ, ‘ಹೊರರಾಜ್ಯದ ವಿದ್ಯಾರ್ಥಿನಿ’ ಎಂಬ ಲೆಕ್ಕದಲ್ಲಿ ಅಲ್ಲಿನ ಅಂಕ ಒಂದು ಕೂದಲೆಳೆ ಏರಬಹುದು. ಒಂದು ಕಡೆಯ ಕೊರತೆ ಇನ್ನೊಂದು ಕಡೆಯ ಸಾಧನೆಯಾಗಿ ಬರೆಯಲ್ಪಡುವ ಚಮತ್ಕಾರ ಇದು. ವಿದ್ಯಾಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮಾನ್ಯತೆಯ ಏಳು ಮಾನದಂಡಗಳಲ್ಲಿ ಮೂರನೆಯದು ಸಂಶೋಧನೆ, ನಾವೀನ್ಯ, ವಿಸ್ತರಣೆಗೆ ಸೇರಿದ್ದು. ಅಲ್ಲಿ ಕೇಳುವುದು ಐದು ವರ್ಷಗಳಲ್ಲಿ ಎಷ್ಟು ವಿಸ್ತರಣಾ ಕಾರ್ಯಕ್ರಮ ನಡೆಸಿದಿರಿ, ಎಷ್ಟು ವಿದ್ಯಾರ್ಥಿಗಳು ಭಾಗವಹಿಸಿದರು, ಚಾಲ್ತಿಯಲ್ಲಿರುವ ಒಡಂಬಡಿಕೆಗಳೆಷ್ಟು ಎಂದು. 2025ರ ಫೆಬ್ರವರಿಯಲ್ಲಿ ನ್ಯಾಕ್ ತಪಾಸಣಾ ತಂಡದವರನ್ನೇ ಲಂಚದ ಆರೋಪದ ಮೇಲೆ ಸಿಬಿಐ ಬಂಧಿಸಿದಾಗ ದೊಡ್ಡ ಗದ್ದಲವಾಯಿತು. ನನ್ನ ಆಕ್ಷೇಪಕ್ಕೆ ಆ ಹಗರಣದ ಆಸರೆ ಬೇಡ. ಲಂಚವಿಲ್ಲದೆ, ಹರಿಶ್ಚಂದ್ರನೇ ಬಂದು ಎಣಿಸಿದರೂ ಅವನು ಎಣಿಸುವುದು ಕೊಟ್ಟವನ ಕೈಚಳಕವನ್ನು. ಪಡೆದವನ ಸ್ಥಿತಿ ಬದಲಾಯಿತೇ ಎಂಬುದು ಆ ನಮೂನೆಯಲ್ಲಿಲ್ಲ.

ಬೀಜದ ಮಾತು ಕೃಷಿ ವಿಶ್ವವಿದ್ಯಾಲಯಗಳಿಗೆ ಬಿಟ್ಟದ್ದು, ಪಾಲಮೂರಿನಂಥ ಸಾಮಾನ್ಯ ವಿಶ್ವವಿದ್ಯಾಲಯವನ್ನು ಅದಕ್ಕೆ ಹೊಣೆ ಮಾಡುವುದು ತಪ್ಪು ಎಂದು ಯಾರಾದರೂ ಹೇಳಬಹುದು. ಹಾಗಾದರೆ ನೀರಿನ ಮಾತಾಡೋಣ. ನಾರಾಯಣಪೇಟೆ ಜಿಲ್ಲೆಯ ಚಿತ್ತನೂರಿನ ಎಥನಾಲ್ ಕಾರ್ಖಾನೆಯಿಂದ ನೀರು, ಗಾಳಿ ಕೆಡುತ್ತಿವೆ ಎಂದು ಸುತ್ತಲ ಹಳ್ಳಿಗಳವರು 2023ರಲ್ಲಿ ರಸ್ತೆ ತಡೆದರು. 2025ರಲ್ಲಿ ಗದ್ವಾಲ್ ಜಿಲ್ಲೆಯ ಪೆದ್ದ ಧನ್ವಾಡದಲ್ಲಿ ಕಾರ್ಖಾನೆ ಏಳುವ ಮೊದಲೇ ಜನ ತಿರುಗಿಬಿದ್ದರು. ಎರಡೂ ಕಡೆ ಒಂದೇ ಚಿತ್ರ: ನಿಯಮ ಪಾಲಿಸುತ್ತೇವೆ ಎನ್ನುವ ಕಾರ್ಖಾನೆ, ನಂಬದ ಜನ, ನಡುವೆ ಪೊಲೀಸರು. ಯಾರ ಮಾತು ನಿಜವೆಂದು ನಾನು ಇಲ್ಲಿ ತೀರ್ಪು ಕೊಡುತ್ತಿಲ್ಲ. ತೀರ್ಪು ಕೊಡಲು ಬೇಕಾದ ದಾಖಲೆ, ಅಂದರೆ ಕಾರ್ಖಾನೆ ಬರುವ ಮೊದಲು ಆ ಬಾವಿಗಳ ನೀರು ಹೇಗಿತ್ತು, ಆಮೇಲೆ ಪ್ರತಿ ಋತುವಿನಲ್ಲಿ ಹೇಗಾಯಿತು ಎಂಬ ಲೆಕ್ಕ, ಇಬ್ಬರೂ ನಂಬುವ ಒಂದು ಕಡೆ ಇದ್ದಿದ್ದರೆ ಜಗಳದ ಸ್ವರೂಪವೇ ಬೇರೆಯಾಗುತ್ತಿತ್ತು. ಇದಕ್ಕೆ ಕೃಷಿ ವಿಜ್ಞಾನ ಬೇಡ. ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಸಾಕು. ಪಾಲಮೂರು ವಿಶ್ವವಿದ್ಯಾಲಯದಲ್ಲಿ ಎರಡೂ ವಿಭಾಗಗಳಿವೆ. ಎಂ.ಎಸ್ಸಿ. ವಿದ್ಯಾರ್ಥಿಗಳು ಹೇಗೂ ನೀರಿನ ಪರೀಕ್ಷೆ ಕಲಿಯುತ್ತಾರೆ. ಅದೇ ಪರೀಕ್ಷೆಯನ್ನು ಈ ಕಾರ್ಖಾನೆಗಳ ಸುತ್ತಲ ಮರಿಕಲ್, ಮಕ್ತಲ್, ರಾಜೋಳಿ ಕಡೆಯ ಬಾವಿಗಳ ಮೇಲೆ ವರ್ಷ ವರ್ಷವೂ ಮಾಡಿ ಪ್ರಕಟಿಸಿದರೆ ಬೋಧನೆ ಯಾವುದು, ಸಮಾಜಸೇವೆ ಯಾವುದು, ಉದ್ಯಮದೊಡನೆ ಸಂಬಂಧ ಯಾವುದು ಎಂದು ಬೇರ್ಪಡಿಸಿ ಮೂರು ತಲೆಬರಹದಡಿ ತುಂಬುವ ಅಗತ್ಯವೇ ಬೀಳದು. ಕೃಷ್ಣೆಯ ಆಚೆ ದಡದಲ್ಲಿ, ಶಕ್ತಿನಗರದಲ್ಲಿ, 1720 ಮೆಗಾವಾಟ್ ಸಾಮರ್ಥ್ಯದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರವಿದೆ. ಅದರ ಹೊಗೆಗೆ ರಾಜ್ಯದ ಗಡಿ ತಿಳಿಯದು. ಈಚಿನ ಹೊಲಗಳ ಮಣ್ಣು ನೋಡುವುದು ಯಾರ ಕೆಲಸ ಎಂಬ ಪ್ರಶ್ನೆ ಮಾತ್ರ ಗಡಿಯಲ್ಲಿ ಬಿದ್ದುಕೊಂಡಿದೆ.

ಇನ್ನು ಅತ್ಯಂತ ಬಲವಾದ ಆಕ್ಷೇಪಕ್ಕೆ ಬರೋಣ. ಪಾಲಮೂರು ಸೀಮೆ ಎಂದರೆ ದುಡಿಮೆಗಾಗಿ ಗುಳೆ ಹೋಗುವವರ ಸೀಮೆ. ದೇಶದ ಅಣೆಕಟ್ಟು, ರಸ್ತೆ, ಮಹಡಿಗಳನ್ನು ಕಟ್ಟಿದ ಪಾಲಮೂರು ಕೂಲಿಗಳ ಹೆಸರು ಎಲ್ಲರಿಗೂ ಗೊತ್ತು. ಇಂಥವರ ಮಕ್ಕಳಿಗೆ ಉದ್ಯಮ ಕೊಡುವ ಕೆಲಸ ದೊಡ್ಡದು, ವಿಶ್ವವಿದ್ಯಾಲಯದ ಸ್ವಾತಂತ್ರ್ಯ, ನಿಷ್ಪಕ್ಷಪಾತ ಎಂಬುವೆಲ್ಲ ಹೊಟ್ಟೆ ತುಂಬಿದವರ ಮಾತು ಎನ್ನುತ್ತಾರೆ. ಕೆಲಸ ಬೇಕು ಎಂಬುದನ್ನು ಅಲ್ಲಗಳೆಯುವವನು ಈ ಸೀಮೆಯನ್ನು ಬಲ್ಲವನಲ್ಲ. ಆದರೆ ನಿಷ್ಪಕ್ಷಪಾತಕ್ಕೂ ಉದ್ಯಮದ ಬೆಳವಣಿಗೆಗೂ ಹಗೆತನವಿದೆ ಎಂಬ ಊಹೆಗೆ ಚರಿತ್ರೆಯ ಬೆಂಬಲವಿಲ್ಲ. ಅಮೆರಿಕದಲ್ಲಿ 1862ರ ಮಾರಿಲ್ ಕಾಯ್ದೆಯಿಂದ ಬೆಳೆದ ವಿಶ್ವವಿದ್ಯಾಲಯಗಳನ್ನು ಉದ್ಯಮ ಪಾಲುದಾರಿಕೆಯ ಮಾದರಿ ಎಂದು ಎಲ್ಲರೂ ತೋರಿಸುತ್ತಾರೆ. ಅವುಗಳ ಪೈಕಿ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನಶಾಸ್ತ್ರಜ್ಞ 1890ರಲ್ಲಿ ಹಾಲಿನ ಕೊಬ್ಬನ್ನು ಅಳೆಯುವ ಸುಲಭ ಪರೀಕ್ಷೆಯೊಂದನ್ನು ರೂಪಿಸಿದ. ಅಲ್ಲಿಯವರೆಗೆ ಬೆಣ್ಣೆ ಕಾರ್ಖಾನೆಗಳು ಹಾಲನ್ನು ತೂಕದ ಮೇಲೆ ಕೊಳ್ಳುತ್ತಿದ್ದವು. ನೀರು ಬೆರೆಸಿದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ, ಇಬ್ಬರ ಮೇಲೂ ಅನುಮಾನ. ಬ್ಯಾಬ್‌ಕಾಕ್ ತನ್ನ ವಿಧಾನಕ್ಕೆ ಪೇಟೆಂಟ್ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟ. ಕೊಳ್ಳುವವನೂ ಮಾರುವವನೂ ಒಂದೇ ಅಳತೆಯನ್ನು ನಂಬುವಂತಾದಾಗ ಆ ರಾಜ್ಯದ ಹೈನೋದ್ಯಮ ಬೆಳೆಯಿತು. ಇನ್ನೂ ಹಿಂದೆ, 1875ರಲ್ಲಿ, ಕನೆಕ್ಟಿಕಟ್‌ನಲ್ಲಿ ಆ ದೇಶದ ಮೊದಲ ರಾಜ್ಯ ಕೃಷಿ ಪ್ರಯೋಗ ಕೇಂದ್ರ ಹುಟ್ಟಿದ್ದರ ಹಿಂದೆ ನಕಲಿ ಗೊಬ್ಬರ ಮಾರಿ ರೈತರನ್ನು ವಂಚಿಸುವುದನ್ನು ತಡೆಯಬೇಕೆಂಬ ಹಂಬಲವಿತ್ತು. ಅಲ್ಲಿಯ ವಿದ್ವಾಂಸರು ಗೊಬ್ಬರದ ವ್ಯಾಪಾರಕ್ಕೆ ವಿರೋಧಿಗಳಾಗಿರಲಿಲ್ಲ; ವ್ಯಾಪಾರಿಯ ಚೀಟಿಯನ್ನು ಪರೀಕ್ಷಿಸುವವರಾಗಿದ್ದರು. ನಾವು ಆ ಪರಂಪರೆಯಿಂದ ಒಡಂಬಡಿಕೆಯ ಕಾಗದವನ್ನು ಎತ್ತಿಕೊಂಡೆವು, ಪರೀಕ್ಷೆಯ ಧೈರ್ಯವನ್ನು ಅಲ್ಲೇ ಬಿಟ್ಟೆವು.

ಆ ಧೈರ್ಯ ಎಲ್ಲಿಂದ ಬರಬೇಕು? ಬೋಧನೆಯಿಂದ, ಅಂದರೆ ಖಾಯಂ ಅಧ್ಯಾಪಕರಿಂದ. ತೆಲಂಗಾಣದ ವಿಶ್ವವಿದ್ಯಾಲಯಗಳಲ್ಲಿ ವರ್ಷಾನುಗಟ್ಟಲೆ ಖಾಯಂ ನೇಮಕಾತಿ ನಡೆದಿಲ್ಲ. 2022ರಲ್ಲಿ ಶಾಸನಸಭೆ ಸಮಾನ ನೇಮಕಾತಿ ಮಂಡಳಿಯ ಮಸೂದೆ ಅಂಗೀಕರಿಸಿತು, ಅದು ರಾಜ್ಯಪಾಲರಲ್ಲಿ ಸಿಕ್ಕಿಕೊಂಡಿತು. 2025ರಲ್ಲಿ ಗುತ್ತಿಗೆ ಅಧ್ಯಾಪಕರು ಮುಷ್ಕರ ಹೂಡಿದರು. ಕರ್ನಾಟಕದ ಕಡೆಯೂ ಅತಿಥಿ ಉಪನ್ಯಾಸಕರ ಬೆನ್ನ ಮೇಲೆಯೇ ಕಾಲೇಜುಗಳು ನಡೆಯುತ್ತಿವೆ. ಇತ್ತೀಚೆಗೆ ಸ್ಥಾಪಿಸಿದ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಹಣವಿಲ್ಲವೆಂದು ಮುಚ್ಚುವ ಶಿಫಾರಸು 2025ರಲ್ಲಿ ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು. ಮುಂದಿನ ವರ್ಷ ತನ್ನ ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ತಿಳಿಯದ ಅಧ್ಯಾಪಕ, ಒಂದು ಕಾರ್ಖಾನೆಯ ನೀರಿನ ಮಾದರಿಯಲ್ಲಿ ಕಂಡದ್ದನ್ನು ಹೆಸರು ಹಾಕಿ ಪ್ರಕಟಿಸಲಿ ಎಂದು ನಿರೀಕ್ಷಿಸುವುದು ಅನ್ಯಾಯ. ಹತ್ತು ವರ್ಷದ ಬಾವಿ ದಾಖಲೆ ಕಟ್ಟಲು ಹತ್ತು ವರ್ಷ ಅಲ್ಲೇ ಇರುವವನು ಬೇಕು. ಒಡಂಬಡಿಕೆಗೆ ಅದೇನೂ ಬೇಡ, ಒಂದು ಮಧ್ಯಾಹ್ನ, ಒಂದು ಛಾಯಾಚಿತ್ರ ಸಾಕು. ಬೋಧಕ ಹುದ್ದೆಗಳು ಖಾಲಿ ಬಿದ್ದಷ್ಟೂ ಒಡಂಬಡಿಕೆಗಳು ಹೆಚ್ಚಾಗುವುದು ಅಚ್ಚರಿಯ ಮಾತೇನಲ್ಲ; ಅಗ್ಗದಲ್ಲಿ ಅಂಕ ತರುವ ಬೆಳೆ ಅದೊಂದೇ ಉಳಿದಿದೆ.

ಭಾಷೆಯ ಪ್ರಶ್ನೆಯನ್ನು ಇಲ್ಲಿ ತಂದರೆ ‘ಅದು ಬೇರೆ ವಿಷಯ’ ಎನ್ನುವವರಿದ್ದಾರೆ. ಬೇರೆಯಲ್ಲ. ಪರೀಕ್ಷೆಯ ಫಲಿತಾಂಶ ಇಂಗ್ಲಿಷಿನಲ್ಲಿ ಮುದ್ರಣವಾಗಿ ಕೃಷ್ಣಾ ಮಂಡಲದ ಗುಡೇಬಲ್ಲೂರಿನ ರೈತನ ಕೈಗೆ ಬಂದರೆ ಅದನ್ನು ಓದಿ ಹೇಳಲು ಅವನು ಮತ್ತೆ ಆರ್ಗನೈಸರ್ ಬಳಿಗೇ ಹೋಗಬೇಕು. ನಿಜಾಮನ ಕಾಲದಲ್ಲಿ, 1918ರಲ್ಲಿ, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷನ್ನು ಬದಿಗಿಟ್ಟು ಉರ್ದುವಿನಲ್ಲಿ ಉನ್ನತ ವಿದ್ಯೆ ಸಾಧ್ಯವೆಂದು ತೋರಿಸಿತು. ಆದರೆ ಆ ಭಾಷೆ ಮಕ್ತಲ್, ಗದ್ವಾಲ್‌ನ ಒಕ್ಕಲಿಗನದಾಗಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಸಂಗ ವಿಸ್ತರಣ ಮಾಲೆ ಬೇರೆ ದಾರಿ ಹಿಡಿದವು. ವಿದ್ವಾಂಸರು ಊರುಗಳಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು, ಆ ಮಾತು ಚಿಕ್ಕ ಪುಸ್ತಕವಾಗಿ ಕಡಿಮೆ ಬೆಲೆಗೆ ಸಿಕ್ಕಿತು. ಆಗ ಯಾವ ರ‍್ಯಾಂಕ್ ಪಟ್ಟಿಯೂ ಇರಲಿಲ್ಲ. ಈಗ ಈ ಸೀಮೆಯಲ್ಲಿ ತೆಲುಗಿನಲ್ಲೂ ಕನ್ನಡದಲ್ಲೂ ವರದಿ ಕೊಡಬೇಕು ಎಂದರೆ ಕನ್ನಡಿಗರು ಎಷ್ಟು ಜನ ಎಂಬ ಎದುರುಪ್ರಶ್ನೆ ಬರುತ್ತದೆ. ಸಂಖ್ಯೆ ಚಿಕ್ಕದೇ ಇರಬಹುದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುವಾಗ ತಲೆ ಎಣಿಸಿ ಆಮೇಲೆ ಕೊಡಿ ಎಂದಿಲ್ಲ. ಆ ಶಾಲೆಗಳಿಗೆ ಕನ್ನಡದಲ್ಲಿ ಗಣಿತ, ವಿಜ್ಞಾನ ಹೇಳುವ ಶಿಕ್ಷಕರನ್ನು ತಯಾರು ಮಾಡುವವರು ಯಾರು? ರಾಯಚೂರಿನ ವಿಶ್ವವಿದ್ಯಾಲಯಗಳಿಗೆ ಅದು ಹೊರರಾಜ್ಯ, ಪಾಲಮೂರಿಗೆ ಅದು ಹೊರಭಾಷೆ.

ಎರಡು ರಾಜ್ಯಗಳ ನಡುವೆ ಇಂಥದು ಆಗದ ಮಾತು ಎನ್ನುವವರು ಸುತ್ತ ಕಣ್ಣು ಹಾಯಿಸಲಿ. ತುಂಗಭದ್ರೆಯ ರಾಜೋಳಿಬಂಡಾ ಅಣೆಕಟ್ಟಿನ ತಲೆ ಕರ್ನಾಟಕದಲ್ಲಿದೆ, ಅದರ ನೀರುಣ್ಣುವ ಹೊಲಗಳಲ್ಲಿ ಹೆಚ್ಚಿನವು, 87,500 ಎಕರೆ, ತೆಲಂಗಾಣದ ಲೆಕ್ಕದಲ್ಲಿವೆ. ಜೂರಾಲದಲ್ಲಿ ತಯಾರಾಗುವ ವಿದ್ಯುತ್ತಿನಲ್ಲಿ ಕರ್ನಾಟಕಕ್ಕೂ ಪಾಲಿದೆ. ಜಗಳವಾಡುತ್ತಲೇ ನೀರು ಹಂಚಿಕೊಂಡರು, ವಿದ್ಯುತ್ ಹಂಚಿಕೊಂಡರು. ಪಾಲಮೂರು ಮತ್ತು ರಾಯಚೂರಿನ ವಿಶ್ವವಿದ್ಯಾಲಯಗಳು ಕೂಡಿ ಕನ್ನಡ ಶಾಲೆಗಳ ಶಿಕ್ಷಕರಿಗೆ ತರಬೇತಿ ಕೊಡುವುದು, ಎರಡೂ ದಡದ ಮಣ್ಣು ನೀರು ನೋಡುವುದು ಇದಕ್ಕಿಂತ ಕಷ್ಟದ ಕೆಲಸವಲ್ಲ. ಒಡಂಬಡಿಕೆ ಬೇಕೇಬೇಕು ಎನ್ನುವುದಾದರೆ ಮಾಡಬೇಕಾದ ಒಡಂಬಡಿಕೆ ಅದು.

ಎಣಿಕೆಯನ್ನೇ ಬಿಟ್ಟರೆ ಸೋಮಾರಿ ಸಂಸ್ಥೆಗಳಿಗೆ ಲಗಾಮು ಹಾಕುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಎಣಿಸಲಿ, ಆದರೆ ಪಡೆದವನ ಕಡೆಯಿಂದ ಎಣಿಸಲಿ. ಈ ವರ್ಷ ಎಷ್ಟು ರೈತರು ತಾವಾಗಿ ಮಾದರಿ ತಂದರು, ವಿವಾದದಲ್ಲಿ ಎರಡೂ ಕಡೆಯವರು ಎಷ್ಟು ಸಲ ಆ ವರದಿಯನ್ನು ಒಪ್ಪಿದರು, ಕನ್ನಡ ಮಾಧ್ಯಮದ ಹತ್ತನೆಯ ತರಗತಿಯಿಂದ ಹೊರಬಂದವರಲ್ಲಿ ಎಷ್ಟು ಜನ ಪದವಿ ಮುಗಿಸಿದರು. ನೇಕಾರರದೂ ಇದೇ ಬಗೆ. ಗದ್ವಾಲ್ ಸೀರೆಗೂ ನಾರಾಯಣಪೇಟೆ ಸೀರೆಗೂ ಭೌಗೋಳಿಕ ಗುರುತು ಸಿಕ್ಕಿದೆ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಸೆರಗು ಕೂಡಿಸುವ ಗದ್ವಾಲ್ ಕುಶಲತೆಗೆ ವಿನ್ಯಾಸ ಶಿಬಿರದ ಪಾಠ ಬೇಕಿಲ್ಲ. ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಮಾರುವ ಸೀರೆ ಪವರ್‌ಲೂಮಿನದೇ, ಅಂಚಿನ ನೂಲು ಪಾಲಿಯೆಸ್ಟರೇ ಎಂದು ನೋಡಿ ಬರೆದುಕೊಡುವ ಕೈ ಬೇಕು. ಅದೂ ರಸಾಯನಶಾಸ್ತ್ರದ ಮೇಜಿನ ಮೇಲಾಗುವ ಕೆಲಸವೇ.

ಕಂಪನಿಗಳು ಇದಕ್ಕೆ ಒಪ್ಪುವುದಿಲ್ಲ ಎಂಬುದು ಉಳಿದ ಆಕ್ಷೇಪ. 1966ರ ಬೀಜ ಕಾಯ್ದೆಯಲ್ಲಿ ಮಾರಾಟಕ್ಕಿಟ್ಟ ಬೀಜದ ಮಾದರಿ ತೆಗೆಯುವಾಗ ಅದನ್ನು ಮೂರು ಪಾಲು ಮಾಡಿ, ಒಂದನ್ನು ಮಾಲೀಕನಿಗೆ ಕೊಟ್ಟು, ಒಂದನ್ನು ವಿಶ್ಲೇಷಕನಿಗೆ ಕಳಿಸಿ, ಮತ್ತೊಂದನ್ನು ತೆಗೆದಿರಿಸಬೇಕೆಂಬ ನಿಯಮ ಬಂದಾಗಲೂ ವ್ಯಾಪಾರಿಗಳನ್ನು ಕೇಳಿ ಬರೆದಿರಲಿಲ್ಲ. ಬೀಜ ಕೊಳ್ಳುವ ರೈತನಿಗೆ ಕಾಗದದ ಮೇಲಾದರೂ ಇರುವ ಈ ಮೂರನೆಯ ಪಾಲು, ಆ ಬೀಜವನ್ನು ಬೆಳೆದುಕೊಟ್ಟ ರೈತನಿಗೆ ಯಾಕಿರಬಾರದು? ನಡಿಗಡ್ಡದ ಹೊಲದಿಂದ ಬೀಜ ಹೊರಡುವಾಗಲೇ ಮೂರು ಚೀಲ ಕಟ್ಟಿ, ಒಂದು ಕಂಪನಿಗೆ, ಒಂದು ರೈತನ ಮನೆಗೆ, ಒಂದು ಪಾಲಮೂರು ವಿಶ್ವವಿದ್ಯಾಲಯದ ಗದ್ವಾಲ್ ಕೇಂದ್ರಕ್ಕೆ ಹೋಗುವಂತಾಗಲಿ. ರಾಯಚೂರಿನ ಕೃಷಿ ವಿಜ್ಞಾನಿಗಳು ವಿಧಾನ ಹೇಳಿಕೊಡಬಲ್ಲರು, ಪರೀಕ್ಷಾ ತಾಕಿಗೆ ಕೆಲವು ಎಕರೆ ಸಾಕು, ಖರ್ಚನ್ನು ಕ್ವಿಂಟಾಲಿಗೆ ಇಷ್ಟೆಂದು ಕಂಪನಿಯಿಂದ ಸರ್ಕಾರದ ಮೂಲಕ ವಸೂಲು ಮಾಡಬಹುದು. ವಿಶ್ವವಿದ್ಯಾಲಯ ಅದಕ್ಕೆ ಕೊಡಬೇಕಾದದ್ದು ಒಂದು ಕೋಣೆ, ಒಬ್ಬ ಖಾಯಂ ಅಧ್ಯಾಪಕ, ಮತ್ತು ಬೀಜ ಕಂಪನಿಯ ಹೆಸರಿಲ್ಲದ ಬಾಗಿಲು.